ನಿಮ್ಮ ರಸ್ತೆಯ ಅಳತೆ ಪುಸ್ತಕ ಕೇಳಿ

ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಕಚೇರಿಯ ಬೋರ್ಡು ಬದಲಾಯಿತೇ ಹೊರತು, ಒಳಗೆ ಹೋಗಿ ಕೇಳಿದವರಿಗೆ ಸಿಗುವ "ನೋಡ್ತೀವಿ ಸಾರ್" ಬದಲಾಗಲಿಲ್ಲ.

ಪಾರದರ್ಶಕತೆ ಬೇಕು ಎಂದು ಇಡೀ ನಗರದ ಲೆಕ್ಕ ಕೇಳಲು ಹೋಗುವವರು ಬೇಗ ಸುಸ್ತಾಗುತ್ತಾರೆ. ಒಂದು ರಸ್ತೆ ಹಿಡಿಯಿರಿ, ಅದರ ಕಡತವನ್ನು, ಅದರಲ್ಲೂ ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕವನ್ನು, ಕೊನೆಯ ಪುಟದವರೆಗೆ ತೆರೆಸಿ. ಮುಂದಿನ ಕಾಮಗಾರಿಗೆ ಬರುವಾಗ ಎಇ (ಸಹಾಯಕ ಇಂಜಿನಿಯರ್) ಸಾಹೇಬರೇ ನಿವಾಸಿಗಳ ಅಸೋಸಿಯೇಷನ್ನಿನವರಿಗೆ ಫೋನ್ ಮಾಡುವ ಸಾಧ್ಯತೆ ಹೆಚ್ಚು.

ಮಾಹಿತಿ ಹಕ್ಕು ಅರ್ಜಿ ಬರೆಯುವಾಗ ಬಹಳ ಜನ ಎಡವುವುದು "ರಸ್ತೆ ಯಾಕೆ ಇಷ್ಟು ಬೇಗ ಕಿತ್ತುಹೋಯಿತು?" ಎಂಬ ಪ್ರಶ್ನೆಯಲ್ಲಿ. "ಯಾಕೆ"ಗೆ ಉತ್ತರ ಕೊಡುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲ, ಕಚೇರಿಯಲ್ಲಿರುವ ದಾಖಲೆ ಕೊಡುವ ಹೊಣೆ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಅಷ್ಟರೊಳಗೆ ಹೀಗೆ ಬರೆದರೆ ಸಾಕು:

"... ವಾರ್ಡಿನ ... ಅಡ್ಡರಸ್ತೆಯಲ್ಲಿ 2024-25ನೇ ಸಾಲಿನಲ್ಲಿ ನಡೆದ ಡಾಂಬರೀಕರಣ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ ಹಾಗೂ ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ಒದಗಿಸಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ ವರ್ಗಾಯಿಸಿ."

ಆ ಕೊನೆಯ ಸಾಲು ಈಗ ತುಂಬಾ ಮುಖ್ಯ. 198 ಇದ್ದ ವಾರ್ಡುಗಳು 369 ಆಗಿವೆ, ವಿಭಾಗಗಳು ಹಂಚಿಹೋಗಿವೆ. "ಆ ಫೈಲು ನಮ್ಮಲ್ಲಿಲ್ಲ" ಎಂದು ಅರ್ಜಿ ವಾಪಸ್ ಕಳಿಸುವ ಹಾಗಿಲ್ಲ. 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕಾದವರು ಅವರೇ. ಹಳೆಯ ವಾರ್ಡಿನ ಹೆಸರು, ಹೊಸ ವಾರ್ಡಿನ ಹೆಸರು ಎರಡನ್ನೂ ಬರೆಯಿರಿ. ಕಾಮಗಾರಿಯ ಗುರುತಿನ ಸಂಖ್ಯೆಯಾದ ಜಾಬ್ ನಂಬರ್ ಗೊತ್ತಿದ್ದರೆ ಅದನ್ನೂ ಸೇರಿಸಿ, ಹುಡುಕಲು ಆಗಲಿಲ್ಲ ಎಂಬ ನೆಪಕ್ಕೆ ಜಾಗ ಇರುವುದಿಲ್ಲ.

ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕೈಯಲ್ಲಿ ಕೊಡುವುದಾದರೆ ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಮೊಹರು ಬೀಳಲೇಬೇಕು. ಮೊಹರಿಲ್ಲದಿದ್ದರೆ ಮಾಹಿತಿ ಕೊಡಬೇಕಾದ 30 ದಿನದ ಲೆಕ್ಕ ಎಲ್ಲಿಂದ ಶುರು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. 30 ದಿನ ದಾಟಿದರೆ ಕಲಂ 7(6)ರ ಪ್ರಕಾರ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಆ ಅವಧಿ ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ, ಆದ್ದರಿಂದ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ. "ಕಡತ ಸಿಗುತ್ತಿಲ್ಲ" ಎನ್ನುವುದು, ಮಾಹಿತಿ ನಿರಾಕರಿಸಬಹುದಾದ ಕಾರಣಗಳನ್ನು ಪಟ್ಟಿ ಮಾಡುವ ಕಲಂ 8ರಲ್ಲಿ ಎಲ್ಲೂ ಇಲ್ಲದ ಕಾರಣ ಎಂದು ಅಲ್ಲೇ ನಮೂದಿಸಿ. "ಐದು ವರ್ಷದ ಎಲ್ಲ ಕಾಮಗಾರಿ" ಎಂದು ಕೇಳಿದವರಿಗೆ ಮಾತ್ರ ಅಧಿಕಾರಿಗಳು ಕಲಂ 7(9) ತೋರಿಸಿ, ಇಷ್ಟೆಲ್ಲ ಪ್ರತಿ ತೆಗೆದರೆ ಕಚೇರಿ ಕೆಲಸ ನಿಲ್ಲುತ್ತದೆ ಎನ್ನುತ್ತಾರೆ. ಅದು ಕೇಳಿದವರೇ ಕೊಟ್ಟ ಅವಕಾಶ.

ಕಾಗದ ಬಂದ ಮೇಲಿನ ಕೆಲಸ ಸ್ವಾರಸ್ಯದ್ದು. ಅಂದಾಜು ಪಟ್ಟಿ ಏನು ಮಾಡಬೇಕಿತ್ತು ಎನ್ನುತ್ತದೆ, ಅಳತೆ ಪುಸ್ತಕ ಏನು ಮಾಡಿದೆವು ಎನ್ನುತ್ತದೆ. ಇಂಜಿನಿಯರುಗಳ ಬಾಯಲ್ಲಿ ಇದು ಬರೀ "ಎಂಬಿ". ಬಿಲ್ಲು ಪಾಸಾಗುವುದು ಇದರ ಮೇಲೆ, ಹಾಗಾಗಿ ನೀವು ಓದಬೇಕಾದ ಮೊದಲ ಪುಟವೂ ಇದೇ. ಅದರಲ್ಲಿ ಉದ್ದ, ಅಗಲ, ದಪ್ಪ ಎಂದು ಕಾಲಂಗಳಿರುತ್ತವೆ. 100 ಮೀಟರ್ ಉದ್ದ, 6 ಮೀಟರ್ ಅಗಲ, 40 ಮಿ.ಮೀ. ದಪ್ಪ ಎಂದಿದ್ದರೆ 24 ಘನ ಮೀಟರ್ ಡಾಂಬರು ಮಿಶ್ರಣ. ನಿಜಕ್ಕೂ ಹಾಕಿದ್ದು 30 ಮಿ.ಮೀ. ಆಗಿದ್ದರೆ 18 ಘನ ಮೀಟರ್. ಕಾಲು ಭಾಗ ಕಾಗದದಲ್ಲೇ ಉಳಿಯಿತು. ಘನ ಮೀಟರಿಗೆ ಸುಮಾರು 2.3 ಟನ್ ಎಂದರೂ ಹೆಚ್ಚುಕಡಿಮೆ 14 ಟನ್, ಅಂದರೆ ದೊಡ್ಡ ಟಿಪ್ಪರಿನ ಒಂದು ಲೋಡು.

ಉದ್ದ, ಅಗಲ ನೋಡಲು 30 ಮೀಟರಿನ ಟೇಪು, ಜತೆಗೆ ಇಬ್ಬರು ಸಾಕು. ಅಗಲವನ್ನು ಮೂರ್ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ, ನಮ್ಮ ಅಡ್ಡರಸ್ತೆಗಳು ಒಂದೇ ಅಗಲದಲ್ಲಿ ಇರುವುದೇ ಇಲ್ಲ. ದಪ್ಪದ ವಿಷಯದಲ್ಲಿ ಅವಸರ ಬೇಡ. ನೀರಿನ ಪೈಪಿಗೋ ಕೇಬಲಿಗೋ ಅಗೆದ ಕಡೆ ಪದರಗಳು ಕಾಣುತ್ತವೆ, ಆದರೆ ಹಳೆಯ ಡಾಂಬರು ಯಾವುದು, ಹೊಸದು ಯಾವುದು ಎಂದು ಗುರುತಿಸದೆ ಅಳೆದರೆ ನಿಮ್ಮ ದೂರೇ ಬಿದ್ದುಹೋಗುತ್ತದೆ. ಒಂದೇ ಜಾಗದ ಅಳತೆಯೂ ನಿಲ್ಲದು. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ನಾಗರಿಕರಿಗೆ ಇದೆ. ಅನುಮಾನ ಬಲವಾಗಿದ್ದರೆ ಇಂಜಿನಿಯರ್ ಸಮ್ಮುಖದಲ್ಲಿ ಕೋರ್ (ರಸ್ತೆ ಕೊರೆದು ತೆಗೆಯುವ ಮಾದರಿ) ತೆಗೆಸಿ ಎಂದು ಪ್ರತ್ಯೇಕ ಅರ್ಜಿ ಹಾಕಿ. ನೀವೇ ಹಾರೆ ಹಿಡಿದರೆ ಸಾರ್ವಜನಿಕ ಆಸ್ತಿ ಹಾಳು ಮಾಡಿದ ಕೇಸು ನಿಮ್ಮ ಮೇಲೇ.

ವಾರ್ಡ್ ಸಮಿತಿಯ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಭೆಗೆ ಜನ ಸೇರಿಸುವುದಕ್ಕಿಂತ ನಡಾವಳಿ ಬರೆಸುವುದು ಕಷ್ಟ. "ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದು ಮುಗಿಸುತ್ತಾರೆ. ಯಾರು, ಯಾವ ತಾರೀಖಿನೊಳಗೆ ಎಂಬುದು ಅದೇ ಸಾಲಿನಲ್ಲಿ ಬರುವವರೆಗೆ ಎದ್ದು ಹೋಗಬೇಡಿ. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ಸಭೆಯ ಅನುಪಾಲನಾ ವರದಿಯೇ, ಅಂದರೆ ಹೇಳಿದ್ದರಲ್ಲಿ ಏನಾಯಿತು ಎಂಬ ಲೆಕ್ಕವೇ ಆಗಿರಲಿ. ಪಾಲಿಕೆಯ ಆ್ಯಪಿನಲ್ಲೋ ಸಹಾಯವಾಣಿ 1533ಕ್ಕೆ ಕರೆ ಮಾಡಿಯೋ ಕೊಟ್ಟ ದೂರು ಕೆಲಸವಾಗದೆ "ಪರಿಹರಿಸಲಾಗಿದೆ" ಎಂದು ಮುಚ್ಚಿಹೋದರೆ, ದೂರಿನ ಸಂಖ್ಯೆ, ಮುಚ್ಚಿದ ತಾರೀಖು, ಆಮೇಲೆ ತೆಗೆದ ಫೋಟೋ ಮೂರನ್ನೂ ಒಂದೇ ಹಾಳೆಯಲ್ಲಿ ಸಭೆಗೆ ಒಯ್ಯಿರಿ.

ಕರಾರು ಪತ್ರದಲ್ಲಿ ಇನ್ನೊಂದು ಸಾಲು ಹುಡುಕಿ: ದೋಷ ಹೊಣೆಗಾರಿಕೆ ಅವಧಿ. ಅಷ್ಟರೊಳಗೆ ರಸ್ತೆ ಕಿತ್ತರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಆದರೂ ಅದೇ ಗುಂಡಿಗೆ ಪಾಲಿಕೆ ಮತ್ತೆ ಹೊಸ ಬಿಲ್ಲು ಮಾಡುವುದುಂಟು, ಏಕೆಂದರೆ ಆ ತಾರೀಖು ಎಇ ತಲೆಯಲ್ಲಿ ಇರುವುದಿಲ್ಲ, ನಿವಾಸಿಗಳಿಗಂತೂ ಗೊತ್ತೇ ಇರುವುದಿಲ್ಲ. ದೂರಿನಲ್ಲಿ ಬರೀ "ಗುಂಡಿ ಬಿದ್ದಿದೆ" ಎಂದು ಬರೆಯದೆ, ಕಾರ್ಯಾದೇಶದ ಸಂಖ್ಯೆ ಹಾಕಿ, ಹೊಣೆಗಾರಿಕೆ ಅವಧಿ ಇಂಥ ದಿನದವರೆಗೆ ಇದೆ, ಗುತ್ತಿಗೆದಾರರಿಂದಲೇ ಸರಿಪಡಿಸಿ ಎಂದು ಬರೆಯಿರಿ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಕಾರ್ಯಪಾಲಕ ಇಂಜಿನಿಯರರಿಗೆ ಫೋಟೋ ಸಮೇತ ಪತ್ರ ಕೊಡಿ: ಗುತ್ತಿಗೆದಾರರ ಭದ್ರತಾ ಠೇವಣಿ ವಾಪಸ್ ಕೊಡುವ ಮುಂಚೆ ನಿವಾಸಿಗಳ ಜತೆ ಜಂಟಿ ಪರಿಶೀಲನೆ ಆಗಬೇಕು ಎಂದು. ಪತ್ರದ ಒಂದು ಪ್ರತಿಯನ್ನು ಲೆಕ್ಕಪತ್ರ ಶಾಖೆಗೂ ಮುಟ್ಟಿಸಿ. ಠೇವಣಿಯ ಚೆಕ್ಕು ಬರೆಯುವವರು ಕೂರುವುದು ಅಲ್ಲಿ.