ಕರಾವಳಿಯ ಗಾಡಿಗೆ ಯಾವ ಆಯಿಲ್, ಯಾವ ಫಿಲ್ಟರ್?

ಎಂಜಿನ್ ಆಯಿಲ್ ಬದಲಿಸುವ ಲೆಕ್ಕವನ್ನು ನಮ್ಮಲ್ಲಿ ಹೆಚ್ಚಿನವರು ಕಿಲೋಮೀಟರಿನಲ್ಲೇ ಇಡುತ್ತಾರೆ. ಹತ್ತು ಸಾವಿರ ಆಗಿಲ್ಲ, ಹಾಗಾಗಿ ಈಗಲೇ ಬೇಡ ಅಂತ. ಮಣಿಪಾಲದಿಂದ ಉಡುಪಿಗೆ, ಮಂಗಳೂರಿನ ಕಂಕನಾಡಿಯಿಂದ ಹಂಪನಕಟ್ಟೆಗೆ ಅಷ್ಟೇ ಓಡಾಡುವ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಐದಾರು ಕಿಲೋಮೀಟರ್ ಓಡುವಷ್ಟರಲ್ಲಿ ಎಂಜಿನ್ ತಣಿಸುವ ಕೂಲಂಟ್ ಬಿಸಿಯಾಗಿ ಮೀಟರಿನ ಮುಳ್ಳು ಮಧ್ಯಕ್ಕೆ ಬಂದಿರುತ್ತದೆ, ಆದರೆ ಚೇಂಬರಿನ (ಎಂಜಿನಿನ ತಳದ ಆಯಿಲ್ ತೊಟ್ಟಿಯ) ಆಯಿಲ್ ಅಷ್ಟು ಬೇಗ ಕಾಯುವುದಿಲ್ಲ. ಇಂಧನ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಬ್ರೀದರ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿದು, ಉರಿದ ಹೊಗೆಯ ಆಮ್ಲದ ಜೊತೆ ಸೇರಿ ಬೇರಿಂಗ್ ತಿನ್ನಲು ಶುರುಮಾಡುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಇದು ಇನ್ನೂ ಜೋರು. ಆಟಿಯ ಮಳೆಯಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆರಳಿಗೆ ಅಂಟುವ ಪೇಸ್ಟ್ ಅಲ್ಲಿದ್ದರೆ ಅದು ಆಯಿಲ್‌ಗೆ ನೀರು ಬೆರೆತ ಗುರುತು. ಮುಚ್ಚಳದಲ್ಲಿ ಮಾತ್ರ ಇದ್ದು, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ ಹೆದರಬೇಕಾಗಿಲ್ಲ. ವಾರಕ್ಕೊಮ್ಮೆ ಹೈವೇ 66ರಲ್ಲಿ ಅರ್ಧ ಗಂಟೆ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದು ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಬೆರೆಯದಂತೆ ತಡೆಯುವ ಸೀಲ್) ಹೋಗಿರಬಹುದು. ಆಗ ಆಯಿಲ್ ಬದಲಿಸಿ ಸುಮ್ಮನಿರಬೇಡಿ, ಗ್ಯಾರೇಜಿಗೆ ಒಯ್ಯಿರಿ.

ಹಾಗಾಗಿ ನನ್ನ ಸಲಹೆ ಇಷ್ಟು: ಕಡಿಮೆ ಓಡುವ ಗಾಡಿಗೆ ಕಿಲೋಮೀಟರ್ ಆಗಲಿ ಬಿಡಲಿ, ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್ ಹೊತ್ತಿಗೆ ಬದಲಿಸಿ. ಮಳೆಗಾಲಕ್ಕೆ ಮುಂಚೆ ಬದಲಿಸುವ ರೂಢಿ ಸುಮಾರು ಕಡೆ ಉಂಟು, ಆದರೆ ಆಗ ನಾಲ್ಕು ತಿಂಗಳು ತೇವ ಕುಡಿದ ಆಯಿಲ್ ಮುಂದಿನ ಬೇಸಿಗೆಯವರೆಗೂ ಎಂಜಿನಿನಲ್ಲೇ ಇರುತ್ತದೆ.

ಇನ್ನು ಯಾವ ಆಯಿಲ್ ಎಂಬ ಪ್ರಶ್ನೆ. ಅಂಗಡಿಯಲ್ಲಿ ಮೊದಲು ಕೇಳುವುದು ಕಂಪನಿಯ ಹೆಸರು. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ವಿಷಯ. ಮೊದಲು ಓನರ್ಸ್ ಮ್ಯಾನ್ಯುವಲ್ ತೆಗೆದು ಎರಡು ವಿಷಯ ಬರೆದುಕೊಳ್ಳಿ: ಗ್ರೇಡ್ ಮತ್ತು ದರ್ಜೆ. 5ಡಬ್ಲ್ಯು-30 ಎಂಬುದು ಗ್ರೇಡ್. ಡಬ್ಲ್ಯು ಜೊತೆಗಿನ ಅಂಕೆ ಚಳಿಯಲ್ಲಿನ ಹರಿವು. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯು ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ. ನಮ್ಮ ಜನವರಿಯ ಬೆಳಗ್ಗೆ ಅದರ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಸ್ಟಾರ್ಟ್ ಆಗುವ ಮಟ್ಟಿಗೆ ಅದು ಇಲ್ಲಿ ದೊಡ್ಡ ಚಿಂತೆಯಲ್ಲ. ಎರಡನೇ ಅಂಕೆ ನೂರು ಡಿಗ್ರಿಯಲ್ಲಿನ ದಪ್ಪ, ಅದು ಎಲ್ಲ ಊರಿಗೂ ಮುಖ್ಯ. ಅಲ್ಲಿ 20ರ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ) ಒಳಗೆ ಇರುತ್ತದೆ, 50ರದ್ದು 16.3ರಿಂದ 21.9ರ ಒಳಗೆ. ಹೆಚ್ಚುಕಡಿಮೆ ಎರಡು ಪಟ್ಟು ದಪ್ಪ.

“ಆಗುಂಬೆ, ಚಾರ್ಮಾಡಿ ಹತ್ತಿಸಬೇಕು, ದಪ್ಪ ಆಯಿಲೇ ಹಾಕಿ” ಎಂಬ ಮಾತು ಬರುವುದು ಇಲ್ಲಿಯೇ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಿಗೆ ಕಂಪನಿ ಹೇಳುವುದು 0ಡಬ್ಲ್ಯು-16 ಅಥವಾ 0ಡಬ್ಲ್ಯು-20. ಅವುಗಳ ಬೇರಿಂಗಿನ ಸಂದು, ವಾಲ್ವ್ ಟೈಮಿಂಗ್ ತಿದ್ದುವ ಸಣ್ಣ ಸಣ್ಣ ಆಯಿಲ್ ದಾರಿಗಳು, ಪಂಪು ಎಲ್ಲ ಆ ತೆಳುವಿಗೇ ಲೆಕ್ಕಹಾಕಿ ಮಾಡಿದ್ದು. ಅದಕ್ಕೆ 20ಡಬ್ಲ್ಯು-50 ಸುರಿದರೆ ಬೆಳಗಿನ ಸ್ಟಾರ್ಟಿನಲ್ಲಿ ಮೇಲಿನ ಕ್ಯಾಮ್‌ಗೆ ಆಯಿಲ್ ತಡವಾಗಿ ಮುಟ್ಟುತ್ತದೆ, ಮೈಲೇಜೂ ಇಳಿಯುತ್ತದೆ. ಮ್ಯಾನ್ಯುವಲ್‌ನಲ್ಲಿ ತಾಪಮಾನದ ಪಟ್ಟಿ ಕೊಟ್ಟು ಎರಡು ಮೂರು ಗ್ರೇಡ್‌ಗೆ ಅವಕಾಶ ಇದ್ದರೆ, ಘಾಟಿಯಲ್ಲಿ ಲೋಡ್ ಹಾಕಿ ಓಡಿಸುವವರು ಅದರಲ್ಲಿ ದಪ್ಪದ್ದನ್ನು ಆರಿಸಿಕೊಳ್ಳಬಹುದು. ಪಟ್ಟಿಯ ಹೊರಗೆ ಹೋಗಬೇಡಿ.

ದರ್ಜೆ ಎಂದರೆ ಬಾಟಲಿಯ ಹಿಂದೆ ಇರುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಕ್ಷರಗಳು. ಪೆಟ್ರೋಲ್‌ಗೆ ಎಸ್‌ಎನ್, 2020ರಲ್ಲಿ ಬಂದ ಎಸ್‌ಪಿ. ಎಸ್‌ಎನ್ ಹೇಳಿದ ಕಾರಿಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳುವ ಟರ್ಬೊ ಕಾರಿಗೆ ಹಳೇ ದರ್ಜೆಯದ್ದು ಬೇಡ. 2020ರ ನಂತರದ ಬಿಎಸ್6 ಡೀಸೆಲ್ ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಎಚ್ಚರ ಹೆಚ್ಚು ಬೇಕು. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್, ಸಾಮಾನ್ಯವಾಗಿ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆಯ ಸಿ2 ಅಥವಾ ಸಿ3, ಮ್ಯಾನ್ಯುವಲ್‌ನಲ್ಲಿ ಯಾವುದು ಇದೆಯೋ ಅದೇ ಆಗಬೇಕು. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಆಯಿಲಿನ ಬೂದಿಯನ್ನು ಸುಡಲಾಗದು. ಅದು ಕೂತಲ್ಲೇ ಕೂರುತ್ತದೆ. ಇಂಥ ಕಾರನ್ನು ಪೇಟೆಯೊಳಗೇ ಓಡಿಸಿದರೆ ಇನ್ನೊಂದು ತೊಂದರೆ ಉಂಟು. ಮಸಿ ಸುಡಲೆಂದು ಹೆಚ್ಚಾಗಿ ಬಿಟ್ಟ ಡೀಸೆಲ್, ಕೆಲಸ ಮುಗಿಯುವ ಮೊದಲೇ ಕಾರು ಆಫ್ ಆದರೆ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ನೋಡದೆ ಬದಲಿಸಿ.

ಬೈಕಿಗೆ ಕಾರಿನ ಆಯಿಲ್ ಖಂಡಿತ ಬೇಡ ಮಾರಾಯ್ರೆ, ಎಷ್ಟು ದುಬಾರಿಯದ್ದಾದರೂ. ಬೈಕಿನಲ್ಲಿ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಲ್ಲಿ ಜಾರಿಕೆಗೆಂದು ಬೆರೆಸಿದ ರಾಸಾಯನಿಕ ಪ್ಲೇಟ್‌ಗೂ ಹತ್ತಿ ಕ್ಲಚ್ ಸ್ಲಿಪ್ ಆಗುತ್ತದೆ. ಬಾಟಲಿಯಲ್ಲಿ ಜಪಾನಿನ ಗುಣಮಟ್ಟದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದು ಇರಬೇಕು. ಸ್ಕೂಟರಿನಲ್ಲಿ ಕ್ಲಚ್ ಒಣಗಿರುವ ಕಾರಣ ಅದಕ್ಕೆ ಎಂಬಿ. ಆಕ್ಟಿವಾದಂಥ ಸ್ಕೂಟರಿಗೆ ಬದಲಿಸುವಾಗ ಬೇಕಾಗುವುದು ಸುಮಾರು 700 ಮಿಲಿ. 900ರ ಬಾಟಲಿ ತಂದು ಉಳಿಸುವುದೇಕೆ ಎಂದು ಪೂರ್ತಿ ಸುರಿಯುವುದು ತುಂಬಾ ಸಾಮಾನ್ಯ ತಪ್ಪು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಪ್ರೆಶರ್ ನಿಲ್ಲುವುದಿಲ್ಲ, ಮಿಕ್ಕಿದ್ದು ಬ್ರೀದರ್‌ನಿಂದ ಏರ್ ಫಿಲ್ಟರಿಗೆ ಬರುತ್ತದೆ. ಆಕ್ಟಿವಾದಲ್ಲಿ ಬದಲಿಸುವ ಪೇಪರ್ ಫಿಲ್ಟರ್ ಇಲ್ಲ, ಜಾಲರಿ ಮಾತ್ರ. ತೊಳೆದು ಸ್ಪ್ರಿಂಗ್ ಸಮೇತ ಹಾಕಿ. ಅದರ ಡಿಪ್‌ಸ್ಟಿಕ್ ನೋಡುವಾಗ ತಿರುಗಿಸದೆ, ಸುಮ್ಮನೆ ಇಳಿಸಿ ನೋಡಬೇಕು.

ಫಿಲ್ಟರಿನಲ್ಲಿ ನೂರಿನ್ನೂರು ರೂಪಾಯಿ ಉಳಿಸುವ ಆಸೆ ಬಿಡಿ. ಕಾರಿನ ಡಬ್ಬಿ ಫಿಲ್ಟರನ್ನು ಕೈಯಲ್ಲಿ ಹಿಡಿದು ಬಾಯಿ ನೋಡಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು, ಆ ಸಣ್ಣ ತೂತುಗಳ ಹಿಂದೆ ರಬ್ಬರಿನ ತೆಳು ಪದರ. ಗಾಡಿ ನಿಂತಾಗ ಆಯಿಲ್ ಫಿಲ್ಟರಿನಿಂದ ಹಿಂದೆ ಇಳಿದು ಹೋಗದಂತೆ ತಡೆಯುವ ವಾಲ್ವ್ ಅದು. ಕಡ್ಡಿಯಿಂದ ಮೆಲ್ಲ ಒತ್ತಿದರೆ ಬಾಗಿ ವಾಪಸು ಬರಬೇಕು. ಹೆಚ್ಚಾಗಿ ಕಿತ್ತಳೆ ಬಣ್ಣದ್ದು ಸಿಲಿಕೋನ್, ಕಪ್ಪು ಇದ್ದರೆ ನೈಟ್ರೈಲ್ ರಬ್ಬರ್. ಕಪ್ಪು ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಎಂಜಿನಿನಲ್ಲಿ ಈ ವಾಲ್ವ್ ಸೋತರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬರುತ್ತದೆ. ಒಳಗೆ ಇನ್ನೊಂದು ಬೈಪಾಸ್ ವಾಲ್ವ್ ಉಂಟು, ಪೇಪರ್ ಕಟ್ಟಿಕೊಂಡಾಗ ತೆರೆಯುವುದಕ್ಕೆ. ನಕಲಿ ಫಿಲ್ಟರಿನಲ್ಲಿ ಅದರ ಸ್ಪ್ರಿಂಗ್ ಸಡಿಲವಿದ್ದರೆ ಆಯಿಲ್ ಸೋಸದೆಯೇ ತಿರುಗುತ್ತಿರುತ್ತದೆ, ಹೊರಗಿನಿಂದ ಏನೂ ಗೊತ್ತಾಗದು. ನಮ್ಮ ಊರಿನ ತೇವಕ್ಕೆ ಅಂಗಡಿಯಲ್ಲಿ ಹಳೇ ಸ್ಟಾಕಿನ ಬಾಕ್ಸ್ ಉಬ್ಬಿರುವುದು, ತಳದ ತಗಡಿನಲ್ಲಿ ತುಕ್ಕಿನ ಚುಕ್ಕೆ ಇರುವುದು ಉಂಟು. ಅಂಥದ್ದು ವಾಪಸು ಕೊಡಿ. ಬೈಕಿನ ಪೇಪರ್ ಫಿಲ್ಟರಿನಲ್ಲಿ ದಿಕ್ಕು ಮುಖ್ಯ. “ಔಟ್ ಸೈಡ್” ಎಂದು ಬರೆದಿದ್ದರೆ ಆ ಮುಖ ಹೊರಗೆ ಬರಬೇಕು. ತಿರುಗಿಸಿ ಹಾಕಿದರೆ ಆಯಿಲಿನ ದಾರಿಯೇ ಮುಚ್ಚಬಹುದು.

ಕೆಲಸ ಶುರುಮಾಡುವಾಗ ಎಂಜಿನ್ ಐದು ನಿಮಿಷ ಓಡಿಸಿ, ಕೈ ಸುಡದಷ್ಟು ಬಿಸಿ ಸಾಕು. ಮಳೆಗೆ ಮೆತ್ತಗಾದ ಅಂಗಳದಲ್ಲಿ ಜ್ಯಾಕ್ ಹೂತುಹೋಗುತ್ತದೆ. ಕೆಳಗೆ ದಪ್ಪ ಹಲಗೆ ಇಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಲೇಬೇಡಿ, ಸ್ಟ್ಯಾಂಡ್ ಬೇಕೇಬೇಕು. ಡ್ರೈನ್ ಬೋಲ್ಟ್ ಹೆಚ್ಚಿನ ಗಾಡಿಗಳಲ್ಲಿ 14 ಅಥವಾ 17ರದ್ದು. ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬಳಸಿ, ಅಡ್ಜಸ್ಟೆಬಲ್ ಸ್ಪ್ಯಾನರ್ ಬೋಲ್ಟಿನ ಮೂಲೆ ಸವೆಸುತ್ತದೆ. ಹದಿನೈದು ನಿಮಿಷ ಬಿಟ್ಟು, ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೂರಿಸಿ. ಅಲ್ಯೂಮಿನಿಯಂ ಚೇಂಬರಿನಲ್ಲಿ ಥ್ರೆಡ್ ಹೋಗುವುದು ಹೆಚ್ಚಾಗಿ ಕೊನೆಗೆ “ಇನ್ನೊಂಚೂರು” ಎಂದು ಎಳೆಯುವುದರಿಂದ.

ಹಳೇ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಅದರಲ್ಲೇ ಬಂತೇ ನೋಡಿ. ಅದು ಎಂಜಿನಿಗೆ ಅಂಟಿ ಉಳಿದು, ಅದರ ಮೇಲೆ ಹೊಸತನ್ನು ಕೂರಿಸಿದರೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಆಯಿಲೆಲ್ಲ ನೆಲದಲ್ಲಿ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ತಾಗುವವರೆಗೆ ತಿರುಗಿಸಿ, ಆಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದು. ಮ್ಯಾನ್ಯುವಲ್ ಹೇಳಿದ್ದಕ್ಕಿಂತ ಇನ್ನೂರು ಮುನ್ನೂರು ಮಿಲಿ ಕಡಿಮೆ ಸುರಿದು ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರಿನ ಕೆಂಪು ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಆಫ್. ಒಂದು ನಿಮಿಷ ಓಡಿಸಿ, ಕೆಳಗೆ ಸೋರಿಕೆ ನೋಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿ, ಬೇಕಾದಷ್ಟೇ ಮತ್ತೆ ಹಾಕಿ.

ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನೀರಿನಲ್ಲಿ ನಿಂತ ಗಾಡಿಯನ್ನು ಮಾತ್ರ ಸ್ಟಾರ್ಟ್ ಮಾಡಲು ಹೋಗಬೇಡಿ. ತಣ್ಣಗಿರುವಾಗಲೇ ಡ್ರೈನ್ ಬೋಲ್ಟನ್ನು ನಿಧಾನ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಒಳಗೆ ಹೋಗಿದ್ದರೆ ಅದೇ ಮೊದಲು ಬರುತ್ತದೆ. ಬಂದರೆ ಕೀ ತಿರುಗಿಸದೆ ಟೋ ಮಾಡಿಸಿ. ಸಿಲಿಂಡರಿನಲ್ಲೂ ನೀರಿದ್ದು ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತೆಗೆದ ಹಳೇ ಆಯಿಲನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಹಚ್ಚುವುದು, ತೋಟದ ಮೂಲೆಗೆ ಸುರಿಯುವುದು ಇಲ್ಲಿ ಹಳೇ ಅಭ್ಯಾಸ. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮೇಲೆ ಚೆಲ್ಲಿದ್ದು ಮಳೆಗೆ ಬಾವಿಗೇ ಇಳಿಯುತ್ತದೆ, ನಿಮ್ಮದಕ್ಕಲ್ಲದಿದ್ದರೆ ಪಕ್ಕದ ಮನೆಯದಕ್ಕೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲೂ ಬಳಸಿದ ಆಯಿಲ್ ಸೇರಿದೆ. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು, ಎಲ್ಲವನ್ನೂ ಖಾಲಿ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ರೀಸೈಕ್ಲಿಂಗ್‌ಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ಹೊಸ ಆಯಿಲಿನ ಖಾಲಿ ಬಾಟಲಿಯನ್ನು ಗುಜರಿಗೆ ಹಾಕುವ ಮೊದಲು ಲೇಬಲ್ ಹರಿದು, ತಳಕ್ಕೆ ತೂತು ಮಾಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಅಂಥ ಒಳ್ಳೇ ಬಾಟಲಿಯೇ.