ಹಾಡುತ್ತಿದ್ದ ಹುಡುಗಿ ಎಲ್ಲಿ ಹೋದಳು?

ಕಳೆದ ಭಾನುವಾರ ನಮ್ಮ ಲಂಡನ್ ಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತ ಕುಳಿತಿದ್ದ ಅಮ್ಮ, ಕೈ ನಿಲ್ಲಿಸಿ, “ಪ್ಲೇಟು ಕೆಟ್ಟಿದೆಯೇನೇ? ಹಾಡ್ತಿದ್ದ ಹುಡುಗಿ ಎಲ್ಲಿ ಹೋದಳು?” ಎಂದು ಕೇಳಿದಳು. ಈ ವಾರವಿಡೀ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ತಿರುಗುತ್ತಿದ್ದದ್ದು ನ್ಯೂ ಏಜ್ ಸ್ಟೆಪ್ಪರ್ಸ್ ತಂಡದ ಮೊದಲ ಆಲ್ಬಮ್. ಸಂಗೀತ ನಿರ್ಮಾಪಕ ಏಡ್ರಿಯನ್ ಶೆರ್ವುಡ್ 1981ರಲ್ಲಿ ತಮ್ಮ ಆನ್-ಯು ಸೌಂಡ್ ಎಂಬ ರೆಕಾರ್ಡ್ ಸಂಸ್ಥೆಯ ಮೊಟ್ಟಮೊದಲ ಎಲ್‌ಪಿಯಾಗಿ ಹೊರತಂದಿದ್ದ ಅದನ್ನು ಅದೇ ಸಂಸ್ಥೆ 40 ವರ್ಷಗಳ ನಂತರ, 2021ರಲ್ಲಿ, ಮರುಬಿಡುಗಡೆ ಮಾಡಿತು. ಆ ಮರುಮುದ್ರಣದ ಒಂದು ಪ್ರತಿ ಹಿಂದಿನ ದಿನವಷ್ಟೇ ನನ್ನ ಕೈಸೇರಿತ್ತು. ಅಮ್ಮ ಕೇಳಿದ ಹುಡುಗಿ ಆರಿ ಅಪ್, 14ನೆಯ ವಯಸ್ಸಿಗೇ ದಿ ಸ್ಲಿಟ್ಸ್ ಎಂಬ ಪಂಕ್ (ಒರಟು, ಬಿರುಸಿನ ರಾಕ್) ತಂಡದ ಗಾಯಕಿಯಾದವಳು.

“ಅವಳು ಹೋಗಿಲ್ಲಮ್ಮ, ಮಿಕ್ಸಿಂಗ್ ಮಾಡಿದವರು ಬೇಕೆಂದೇ ಅವಳ ದನಿಯನ್ನು ಇಳಿಸಿದ್ದಾರೆ” ಎಂದೆ.

“ಹಾಡೋಳನ್ನೇ ಇಳಿಸಿದ ಮೇಲೆ ಇನ್ನೇನು ಉಳೀತು?”

ಉಳಿಯುವುದು ಬೇಸ್ ಮತ್ತು ಡ್ರಮ್ಸ್. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿಯಂಥವರು, ಮೊದಲೇ ಧ್ವನಿಮುದ್ರಣಗೊಂಡ ಹಾಡಿನ ದನಿಯನ್ನೂ ಗಿಟಾರನ್ನೂ ಒಂದೊಂದಾಗಿ ಮುಚ್ಚಿ, ತೆರೆದು, ಉಳಿದ ಚೂರುಗಳಿಗೆ ಪ್ರತಿಧ್ವನಿ ಸೇರಿಸಿ ಕಟ್ಟಿದ ಕಲೆಯೇ ಡಬ್. 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ, ಹಾಕಲು ಪಂಕ್ ರೆಕಾರ್ಡುಗಳೇ ಸಾಲದೆ, ಅಲ್ಲಿನ ಡಿಜೆ ಡಾನ್ ಲೆಟ್ಸ್ ಜಮೈಕಾದ ರೆಗೆ ಸಂಗೀತ ಹಾಕುತ್ತಿದ್ದರು. ಅದನ್ನು ಕೇಳಿ ಬೆಳೆದ ಪಂಕ್ ಪೀಳಿಗೆ ಜಮೈಕಾದ ವಾದಕರೊಡನೆ ಕೂತು ನುಡಿಸಿದ್ದರ ಫಲ ಈ ಆಲ್ಬಮ್. ಡ್ರಮ್ಸ್ ನುಡಿಸಿದ ಸ್ಟೈಲ್ ಸ್ಕಾಟ್ ಜಮೈಕಾದ ರೂಟ್ಸ್ ರಾಡಿಕ್ಸ್ ತಂಡದವರು. ಇನ್ನೊಬ್ಬ ಡ್ರಮ್ಮರ್ ಬ್ರೂಸ್ ಸ್ಮಿತ್ ಬಂದದ್ದು ಬ್ರಿಸ್ಟಲ್‌ನ ದಿ ಪಾಪ್ ಗ್ರೂಪ್ ಎಂಬ ತಂಡದಿಂದ. ಒಂದು ಹಾಡನ್ನು ಪತ್ರಕರ್ತೆ ವಿವಿಯನ್ ಗೋಲ್ಡ್‌ಮನ್ ಹಾಡಿದ್ದಾರೆ. ಇದು ಪಂಕ್ ಕೇಳುವವರಿಗೆ ಪೂರ್ತಿ ಪಂಕ್ ಅಲ್ಲ, ರೆಗೆ ಕೇಳುವವರಿಗೆ ಪೂರ್ತಿ ರೆಗೆಯೂ ಅಲ್ಲ. ಅಂಗಡಿಯಲ್ಲಿ ಯಾವ ಸಾಲಿಗೂ ಸೇರದ ಇಂಥ ರೆಕಾರ್ಡುಗಳೇ ಮೊದಲು ಮರೆಯಾಗುತ್ತವೆ ಎಂಬುದು ನನ್ನ ಬಹುಕಾಲದ ನೋವು. ಮರುಮುದ್ರಣವೆಂದರೆ ಹಳೆಯ ಸರಕನ್ನು ಎರಡನೆಯ ಸಲ ಮಾರುವ ಉಪಾಯ ಎನ್ನುವ ಸ್ನೇಹಿತನೊಬ್ಬ ನನಗಿದ್ದಾನೆ. ಈ ಆಲ್ಬಮ್ಮನ್ನು ಒಮ್ಮೆಯೂ ಕೇಳದೆ ಅವನು ಆಡುವ ಆ ಮಾತು ಅನ್ಯಾಯದ ಮಾತು.

ನನ್ನ ವಿವರಣೆ ಕೇಳಿದ ಅಮ್ಮ, “ಕಛೇರಿಯಲ್ಲಿ ತನಿ ಬಿಟ್ಟ ಹಾಗೆ ಅನ್ನು” ಎಂದಳು. ಹೌದೆಂದು ತಲೆಯಾಡಿಸಿದೆನಾದರೂ ರಾತ್ರಿ ಮಲಗಿದಾಗ ಅದು ಹಾಗಲ್ಲ ಎನ್ನಿಸಿತು. ತನಿ ಆವರ್ತನದಲ್ಲಿ ಹಾಡುವವರು ತಾವಾಗಿ ಸುಮ್ಮನಾಗುತ್ತಾರೆ, ವೇದಿಕೆಯ ಮೇಲೆಯೇ ತಾಳ ಹಾಕುತ್ತ ಕುಳಿತಿರುತ್ತಾರೆ, ಪಲ್ಲವಿಗೆ ಮರಳುವರೆಂದು ಎಲ್ಲರಿಗೂ ಗೊತ್ತಿರುತ್ತದೆ. ಡಬ್‌ನಲ್ಲಿ ದನಿಯನ್ನು ಕಳೆಯುವುದು ಇನ್ನೊಬ್ಬರ ಬೆರಳು. ಪದದ ತುದಿಯೊಂದು ಮೂರು ನಾಲ್ಕು ಸಲ ಮರುದನಿಸಿ ಸಣ್ಣದಾಗುತ್ತದೆ, ಆಮೇಲೆ ಅಲ್ಲಿ ಬೇಸ್ ಮಾತ್ರ ನಡೆಯುತ್ತಿರುತ್ತದೆ. ಅಲ್ಲೊಬ್ಬಳು ಇದ್ದಳು ಎಂಬುದು ಅವಳು ಹಾಡುತ್ತಿದ್ದಾಗಿನಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ.

ಈ ಆಲ್ಬಮ್ಮಿನ ಮೊದಲ ಹಾಡಾದರೂ ಎಂಥದ್ದು! ಮೂಲದಲ್ಲಿ ಜಮೈಕಾದ ಜೂನಿಯರ್ ಬೈಲ್ಸ್ ಹಾಡಿದ್ದು. ಸಿರಿಯ ಹಿಂದೆ ಹೋಗಿ ಮನುಷ್ಯರನ್ನು ಮರೆತವರು ಮಾಸಿಹೋಗುತ್ತಾರೆ ಎಂದು ಹೇಳುವ ಹಾಡು. ಆರಿ ಅಪ್ 2010ರಲ್ಲಿ, 48ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸ್ಟೈಲ್ ಸ್ಕಾಟ್ ಕೂಡ ಈಗಿಲ್ಲ. ಅಮ್ಮ ಕೇಳಿದ ಪ್ರಶ್ನೆಗೆ ಮಿಕ್ಸಿಂಗಿನ ಉತ್ತರ ಕೊಟ್ಟ ನಾನು ಈ ಉತ್ತರವನ್ನು ಕೊಡಲಿಲ್ಲ.

ನಿನ್ನೆ ಸಂಜೆ ಅಮ್ಮನೇ, “ಆ ಹುಡುಗಿಯ ಪ್ಲೇಟು ಹಾಕಲ್ವಾ?” ಎಂದಳು. ಹಾಕಿದೆ. ದನಿ ಮುಳುಗಿದಾಗ ಈ ಸಲ ಅವಳು ಏನೂ ಕೇಳಲಿಲ್ಲ; ಮೇಜಿನ ಅಂಚಿನಲ್ಲಿ ಎರಡು ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತ ಕಾಯುತ್ತಿದ್ದಳು.