ಕಾಲು ಊರಿದ ತಿರುವು

2024ರ ಜೂನ್ 29, ಶನಿವಾರ ರಾತ್ರಿ. ಮನೆಯ ಟೀವಿಯಲ್ಲಿ ಟಿ20 ವಿಶ್ವಕಪ್ ಫೈನಲ್ ನಡೆಯುತ್ತಿತ್ತು. ಮನೆಮಂದಿ, ಪಕ್ಕದ ಮನೆಯವರು, ಅವರ ಮನೆಗೆ ಬಂದ ನೆಂಟರು ಎಲ್ಲ ಹಾಲ್‌ನಲ್ಲಿ ಸೇರಿದ್ದರು. ನಾನು ಮಾತ್ರ ಅಡುಗೆಮನೆ ಕಟ್ಟೆಗೆ ಒರಗಿ ಮೊಬೈಲ್ ನೋಡುತ್ತಿದ್ದೆ. ಅದೇ ದಿನ ಟೂರ್ ದ ಫ್ರಾನ್ಸ್ ಶುರುವಾಗಿತ್ತು. ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಸೈಕಲ್ ಶರ್ಯತ್ತು ಅದು. ಮೊದಲ ಹಂತ ಇಟಲಿಯಲ್ಲಿ, ಫ್ಲಾರೆನ್ಸ್‌ನಿಂದ ರಿಮಿನಿಗೆ 206 ಕಿಲೋಮೀಟರ್.

ಗೆದ್ದದ್ದು ಫ್ರಾನ್ಸ್‌ನ ರೊಮ್ಯಾಂ ಬಾರ್ಡೆ. ಅವರ ಕೊನೆಯ ಟೂರ್ ಅದು. ಒಟ್ಟು ಲೆಕ್ಕದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ ಸಿಕ್ಕಿದ್ದು ಮಾತ್ರ ಮೊದಲ ಸಲ. ಖುಷಿಯಾಯಿತು. ಆದರೆ ಮೊಬೈಲ್ ಕೆಳಗಿಡಲು ಆಗಲಿಲ್ಲ. ಮಾರ್ಕ್ ಕ್ಯಾವೆಂಡಿಷ್ ಇನ್ನೂ ರಸ್ತೆಯಲ್ಲೇ ಇದ್ದರು.

ಕ್ಯಾವೆಂಡಿಷ್ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬ್ರಿಟನ್ನಿನ ಸ್ಪ್ರಿಂಟರ್. ಅಂದರೆ ಕೊನೆಯ ಇನ್ನೂರು ಮುನ್ನೂರು ಮೀಟರ್‌ನಲ್ಲಿ ಸಿಡಿದು ಗೆಲ್ಲುವವರು. ಟೂರ್‌ನಲ್ಲಿ 34 ಹಂತ ಗೆದ್ದು ಬೆಲ್ಜಿಯಂನ ಎಡಿ ಮರ್ಕ್ಸ್ ಅವರ ದಾಖಲೆ ಸರಿಗಟ್ಟಿದ್ದರು. 2023ರಲ್ಲಿ 35ನೆಯದಕ್ಕೆ ಬಂದಾಗ ಬಿದ್ದು ಕಾಲರ್ ಬೋನ್ ಮುರಿಯಿತು. ನಿವೃತ್ತಿ ಅಂದವರು ಇನ್ನೊಂದು ವರ್ಷ ಅಂತ ವಾಪಸ್ ಬಂದರು. ವಯಸ್ಸು 39. ಬಂದ ಮೊದಲ ದಿನವೇ ಮೊದಲ ಏರಿನಲ್ಲೇ ಹಿಂದೆ ಬಿದ್ದರು. ಸುಡುವ ಬಿಸಿಲು. ಸೈಕಲ್ ಮೇಲೆಯೇ ವಾಂತಿ. ಇನ್ನೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಾಕಿ ಇತ್ತು.

ಟೂರ್‌ನಲ್ಲಿ ಪ್ರತಿ ದಿನಕ್ಕೂ ಒಂದು ಗಡುವು ಇರುತ್ತದೆ. ಗೆದ್ದವರು ತೆಗೆದುಕೊಂಡ ಸಮಯದ ಮೇಲೆ ಇಂತಿಷ್ಟು ಶೇಕಡಾ ಅಂತ ಲೆಕ್ಕ. ಅದರೊಳಗೆ ಬಂದರೆ ನಾಳೆಗೆ ಉಳಿಯುತ್ತೀರಿ, ಇಲ್ಲದಿದ್ದರೆ ಮನೆಗೆ. ಅವತ್ತು ಕ್ಯಾವೆಂಡಿಷ್ ಜೊತೆ ಅವರ ತಂಡದ ಗೆಳೆಯರು ಹಿಂದೆ ಉಳಿದರು. ತಲೆ ಮೇಲೆ ನೀರು ಸುರಿದರು. ಅವರ ಅಕ್ಕಪಕ್ಕದಲ್ಲೇ ಏರು ಹತ್ತಿದರು. ಬಾರ್ಡೆ ಬಂದು ಸುಮಾರು 39 ನಿಮಿಷ ಆದ ಮೇಲೆ ಇವರು ಗೆರೆ ದಾಟಿದರು. ಗಡುವಿನ ಒಳಗೆ.

ಹಾಲ್‌ನಲ್ಲಿ ಯಾರೋ ಕಿರುಚಿದರು, ನಾನೂ ಕಿರುಚಿದೆ. ಎರಡೂ ಬೇರೆ ಬೇರೆ ಕಾರಣಕ್ಕೆ.

ನನ್ನ ತಲೆಯಲ್ಲಿ ಆಗ ಒಂದು ಪ್ರಶ್ನೆ ಇತ್ತು. ಸಮತಟ್ಟಾದ ರಸ್ತೆಯಲ್ಲಿ ಗೆಳೆಯರು ಮುಂದೆ ಓಡಿಸಿದರೆ ಉಪಯೋಗ ಇದೆ, ಅದು ಗೊತ್ತು. ಗಾಳಿ ಅವರು ತಿನ್ನುತ್ತಾರೆ. ಹಿಂದೆ ಅಂಟಿಕೊಂಡು ಬಂದವರಿಗೆ ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ಕಡಿದಾದ ಏರಿನಲ್ಲಿ ವೇಗವೇ ಇರುವುದಿಲ್ಲ. ಅಲ್ಲಿ ಎದುರಾಳಿ ಗಾಳಿಯಲ್ಲ, ನಮ್ಮದೇ ಭಾರ. ಆ ಭಾರವನ್ನು ಬೇರೆಯವರು ಹೊರಲು ಆಗುವುದಿಲ್ಲ. ಹಾಗಿದ್ದ ಮೇಲೆ ಏರಿನಲ್ಲಿ ಪಕ್ಕದಲ್ಲಿ ಉಳಿದು ಏನು ಪ್ರಯೋಜನ?

ಎರಡು ವರ್ಷ ಟೂರ್ ನೋಡಿದ್ದರೂ ಇದು ನನಗೆ ಅರ್ಥವಾಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಮೊದಲ ಸಲ ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಲಿದ್ದೆ.

ನಮ್ಮೂರು ಜಮಖಂಡಿ ಕಡೆ. ಜಾತ್ರೆ ಅಂದರೆ ತೇರು, ಬೆಂಡು ಬತ್ತಾಸು, ಎತ್ತಿನ ಗಾಡಿ ಶರ್ಯತ್ತು, ಆಮೇಲೆ ಸೈಕಲ್ ಶರ್ಯತ್ತು. ಹುಡುಗರು ಮನೆಯ ಸೈಕಲ್ಲಿನ ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು ಎಲ್ಲ ಬಿಚ್ಚಿ ಹಗುರ ಮಾಡುತ್ತಿದ್ದರು. ಕಬ್ಬಿನ ಹೊಲಗಳ ನಡುವಿನ ರಸ್ತೆ. ದೂರದಲ್ಲಿ ಧೂಳು ಕಂಡರೆ ಸಾಕು, ಹಲಗಿ ಶುರು. ಕೆಲವು ವರ್ಷ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ ಹುಡುಗರು ತೆಳು ಟೈರಿನ ಸೈಕಲ್ ತಂದು ನಿಲ್ಲುತ್ತಿದ್ದರು. ಅವರು ಬಂದರೆ ಮೊದಲ ಬಹುಮಾನದ ಆಸೆ ಊರಿನವರು ಬಿಟ್ಟಂತೆಯೇ. ಬೆನ್ನು ಬಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಒಂದೇ ಸಮನೆ ಹೋಗುತ್ತಿದ್ದ ರೀತಿ ಈಗಲೂ ಕಣ್ಣಲ್ಲಿದೆ. ದೇಶಕ್ಕೆ ಆಡಿದ ಎಷ್ಟೋ ಸೈಕ್ಲಿಸ್ಟ್‌ಗಳು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಅಂತ ತಿಳಿದದ್ದು ದೊಡ್ಡವರಾದ ಮೇಲೆ.

ನಾನು ಶರ್ಯತ್ತಿನಲ್ಲಿ ಎಂದೂ ನಿಲ್ಲಲಿಲ್ಲ. ಅಪ್ಪನ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತೆ, ಶಾಲೆಗೆ ಹೋದೆ, ಬೆಂಗಳೂರಿಗೆ ಬಂದೆ, ಸೈಕಲ್ ಮರೆತೆ.

ಮತ್ತೆ ನೆನಪು ಮಾಡಿದ್ದು 2022ರ ಜುಲೈ. ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದಾಗ ಒಂದು ತುಣುಕು ಕಂಡಿತು. ಪಿರನೀಸ್ ಬೆಟ್ಟದ ಇಳಿಜಾರು. ಇಬ್ಬರು ಜೀವದ ಹಂಗು ತೊರೆದು ಇಳಿಯುತ್ತಿದ್ದಾರೆ. ಒಬ್ಬರು ಹಳದಿ ಅಂಗಿಯ ಯೋನಾಸ್ ವಿಂಗೆಗೋರ್, ಇನ್ನೊಬ್ಬರು ಹಿಂದಿನ ಎರಡು ವರ್ಷ ಗೆದ್ದಿದ್ದ ತಾದೇ ಪೊಗಾಚಾರ್. ಪೊಗಾಚಾರ್ ಜಲ್ಲಿಯ ಮೇಲೆ ಜಾರಿ ಬೀಳುತ್ತಾರೆ. ವಿಂಗೆಗೋರ್ ನಿಧಾನ ಮಾಡಿ ಕಾಯುತ್ತಾರೆ. ಎದ್ದು ಬಂದ ಪೊಗಾಚಾರ್ ಕೈ ಚಾಚುತ್ತಾರೆ, ಇಬ್ಬರೂ ಓಡುತ್ತಲೇ ಕೈ ಹಿಡಿಯುತ್ತಾರೆ. ಅಷ್ಟೇ. ಆ ಹಂತವನ್ನೂ, ಆ ವರ್ಷದ ಟೂರನ್ನೂ ಗೆದ್ದದ್ದು ಕಾದವರೇ. ಆ ರಾತ್ರಿ ನಾನು ಎರಡು ಗಂಟೆವರೆಗೆ ನಿದ್ದೆ ಮಾಡಲಿಲ್ಲ. ಇಪ್ಪತ್ತೊಂದು ಹಂತ, ಮೂರು ವಾರ, ಮೂರು ಸಾವಿರದ ಮುನ್ನೂರು ಕಿಲೋಮೀಟರ್ ಮೇಲೆ. ಹಳದಿ, ಹಸಿರು, ಕೆಂಪು ಚುಕ್ಕೆ, ಬಿಳಿ ಅಂಗಿಗಳ ಲೆಕ್ಕ ಎಲ್ಲ ಒಂದೇ ವಾರದಲ್ಲಿ ಬಾಯಿಪಾಠವಾಯಿತು. ಜುಲೈ ಸಂಜೆ ಅಂದರೆ ಹೊರಗೆ ಮಳೆ, ಒಳಗೆ ಟೂರ್. ನಮ್ಮ ಸಮಯಕ್ಕೆ ಹಂತಗಳು ರಾತ್ರಿ ಒಂಬತ್ತರ ಆಸುಪಾಸಿಗೆ ಮುಗಿಯುತ್ತವೆ. ಊಟದ ಹೊತ್ತು ಅದಕ್ಕೆ ತಕ್ಕಂತೆ ಬದಲಾಯಿತು.

ಸೈಕಲ್ ಕೊಂಡದ್ದು 2024ರ ಜನವರಿಯಲ್ಲಿ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್, ನೀಲಿ ಬಣ್ಣ, ಬಗ್ಗಿದ ಹ್ಯಾಂಡಲ್. ಆಫೀಸಿನ ಗೆಳೆಯನೊಬ್ಬ ಹತ್ತು ವರ್ಷದಿಂದ ಓಡಿಸುವವನು. ಅವನೇ ಹುಡುಕಿ ಕೊಟ್ಟ, ಅವನೇ ಕಲಿಸಿದ. ಟೀವಿಯಲ್ಲಿ ನೋಡಿ ಗೊತ್ತು ಅಂದುಕೊಂಡಿದ್ದೆಲ್ಲ ಮೊದಲಿಂದ ಕಲಿಯಬೇಕಾಯಿತು. ಏರು ಶುರುವಾಗುವ ಮುಂಚೆ ಗೇರ್ ಇಳಿಸಬೇಕು, ಏರಿನ ಮಧ್ಯೆ ಇಳಿಸಿದರೆ ಚೈನ್ ನರಳುತ್ತದೆ. ಬಾಯಾರುವ ಮುಂಚೆ ಕುಡಿಯಬೇಕು, ಹಸಿಯುವ ಮುಂಚೆ ತಿನ್ನಬೇಕು. ಮುಂದಿನವರ ಚಕ್ರಕ್ಕೆ ಒಂದಡಿ ಹತ್ತಿರ ಓಡಿಸುವುದಂತೂ ತಿಂಗಳುಗಟ್ಟಲೆ ಭಯ. ಒಂದು ಭಾನುವಾರ ಏರ್‌ಪೋರ್ಟ್ ರಸ್ತೆಯ ಎದುರುಗಾಳಿಯಲ್ಲಿ ಅದು ಕೊನೆಗೂ ಕೂಡಿಬಂತು. ಗೆಳೆಯನ ಹಿಂದೆ ಸೇರಿದೆ, ಗಾಳಿಯ ಸದ್ದು ಒಮ್ಮೆಲೇ ನಿಂತಿತು. ಬಾಗಿಲು ಮುಚ್ಚಿದ ಹಾಗೆ. ಹಾಸ್ಟೆಲ್ ಹುಡುಗರು ಸಾಲಾಗಿ ಯಾಕೆ ಹೋಗುತ್ತಿದ್ದರು ಅಂತ ಇಷ್ಟು ವರ್ಷದ ಮೇಲೆ ಮೈಗೆ ತಿಳಿಯಿತು.

ಆರು ತಿಂಗಳಲ್ಲಿ ಐವತ್ತು, ಅರವತ್ತು ಕಿಲೋಮೀಟರ್ ಮಾಡುವಷ್ಟು ಆದೆ. ಬೆಂಗಳೂರಿನ ಸೈಕಲ್ ಮಂದಿಗೆ ಇದಾದ ಮೇಲಿನ ಮೆಟ್ಟಿಲು ನಂದಿಯೇ. ಜೂನ್ 30 ಅಂತ ದಿನ ಗೊತ್ತು ಮಾಡಿದೆವು.

ಶನಿವಾರ ರಾತ್ರಿ ಭಾರತ ಏಳು ರನ್‌ಗಳಿಂದ ಗೆದ್ದಿತು. ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿದ್ದು ನೋಡಿ ಅಮ್ಮನ ಕಣ್ಣಲ್ಲಿ ನೀರು. ಬೀದಿಯಲ್ಲಿ ಎಷ್ಟೋ ಹೊತ್ತಿನವರೆಗೆ ಪಟಾಕಿ. ನಾನು ಮಲಗಿದ್ದು ಒಂದು ಗಂಟೆಗೆ, ಅಲಾರಂ ಮೂರೂವರೆಗೆ.

ಗೆಳೆಯನ ಕಾರಿನಲ್ಲಿ ಎರಡು ಸೈಕಲ್ ಹಾಕಿ ದೇವನಹಳ್ಳಿವರೆಗೆ ಹೋದೆವು. ಅಲ್ಲಿಂದ ಬೆಟ್ಟದ ಬುಡಕ್ಕೆ ಇಪ್ಪತ್ತು ಕಿಲೋಮೀಟರ್ ಹತ್ತಿರ. ತುಂತುರು ಮಳೆ. ದ್ರಾಕ್ಷಿ ತೋಟಗಳ ಮೇಲೆ ಮಂಜು. ಬೆಳಗಿನ ಕಾಫಿ ಬಿಟ್ಟು ನಾನು ಏನೂ ತಿಂದಿರಲಿಲ್ಲ. ನಿದ್ದೆಗಣ್ಣಿಗೆ ಹಸಿವೇ ಇರಲಿಲ್ಲ.

ನಂದಿಯ ಏರು ಏಳೂವರೆ ಕಿಲೋಮೀಟರ್ ಆಸುಪಾಸು. ತುದಿ 1478 ಮೀಟರ್ ಎತ್ತರದಲ್ಲಿದೆ. ಪಳಗಿದವರು ಅರ್ಧ ಗಂಟೆಯೊಳಗೆ ಹತ್ತುತ್ತಾರೆ. ಟೂರ್‌ನ ಬೆಟ್ಟಗಳ ಪಕ್ಕದಲ್ಲಿ ಇದು ಚಿಕ್ಕದು. ಅದೇ ವಾರ ಅವರು ದಾಟಬೇಕಿದ್ದ ಗಾಲಿಬಿಯೇ ಅನ್ನುವ ಘಾಟಿಯೇ 2642 ಮೀಟರ್. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮೊದಲ ಎರಡು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅಂಕಿ ಸಂಖ್ಯೆ ಎಲ್ಲ ತಲೆಯಿಂದ ಹೊರಟುಹೋದವು. ಉಳಿದದ್ದು ಉಸಿರು, ತೊಡೆ, ಮುಂದಿನ ಹತ್ತು ಅಡಿ ರಸ್ತೆ.

ಸೂರ್ಯೋದಯ ನೋಡಲು ಹೊರಟ ಬೈಕು, ಕಾರುಗಳು ಸಾಲಾಗಿ ದಾಟುತ್ತಿದ್ದವು. ಮಂಜು ಎಷ್ಟು ದಟ್ಟ ಇತ್ತೆಂದರೆ ಮುಂದಿದ್ದ ಗೆಳೆಯ ಕಾಣುತ್ತಿರಲಿಲ್ಲ. ಅವನ ಸೈಕಲ್ಲಿನ ಹಿಂದಿನ ಕೆಂಪು ಲೈಟು ಮಾತ್ರ ಮಿನುಗುತ್ತಿತ್ತು. ಅದನ್ನೇ ನೋಡಿಕೊಂಡು ತುಳಿದೆ. ಅರ್ಧ ದಾಟಿದ ಮೇಲೆ ಒಂದು ತಿರುವಿನಲ್ಲಿ ಆ ಕೆಂಪೂ ಮರೆಯಾಯಿತು.

ಆಗ ಆದದ್ದನ್ನು ಹೇಗೆ ಹೇಳಲಿ. ಕಾಲು ನೋಯಲಿಲ್ಲ. ಕಾಲು ಇಲ್ಲವೇ ಇಲ್ಲ ಅನ್ನಿಸಿತು. ಕೈ ತಣ್ಣಗಾಯಿತು, ಕಿವಿಯಲ್ಲಿ ಗುಂಯ್ ಅಂತ ಸದ್ದು. ಯಾಕೆ ಬಂದೆನೋ ಅಂತ ಅಳು ಬಂತು. ಸೈಕಲ್ ಮಂದಿ ಇದಕ್ಕೆ ಬಾಂಕ್ ಅನ್ನುತ್ತಾರೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಬರಿದಾದ ಸ್ಥಿತಿ. ಜೋರಾಗಿ ತುಳಿದರೆ ಅದು ಒಂದೂವರೆ, ಎರಡು ಗಂಟೆ ಬರುತ್ತದೆ ಅಷ್ಟೇ. ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಹೊರಟ ನನಗೆ ಅಷ್ಟೂ ಬರಲಿಲ್ಲ. ಕಾಲು ಊರಿದೆ. ತಿರುವಿನ ಒಳಗಡೆ ಕಟ್ಟೆಗೆ ಸೈಕಲ್ ಒರಗಿಸಿ ಬಗ್ಗಿ ನಿಂತೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಮೇಲಿಂದ ಬ್ರೇಕಿನ ಕಿರ್ ಸದ್ದು ಬಂತು. ಗೆಳೆಯ ವಾಪಸ್ ಇಳಿದು ಬಂದಿದ್ದ. ಏನೂ ಕೇಳಲಿಲ್ಲ. ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದು ಮುರಿದು ಕೈಗಿಟ್ಟ. ತಿಂದೆ. ನೀರು ಕುಡಿದೆ. ಐದು ನಿಮಿಷ ಇಬ್ಬರೂ ಮಂಜು ನೋಡುತ್ತಾ ನಿಂತೆವು.

“ನೀನು ಮುಂದೆ ನಡಿ. ಹಿಂದೆ ನಾನಿರ್ತೀನಿ” ಅಂದ.

ಟೂರ್‌ನಲ್ಲಿ ಒಟ್ಟು ಲೆಕ್ಕದಲ್ಲಿ ಕೊನೆಯಲ್ಲಿರುವವರನ್ನು ಲಾಂಟರ್ನ್ ರೂಜ್ ಅನ್ನುತ್ತಾರೆ. ಕೆಂಪು ಲಾಟೀನು ಅಂತ ಅರ್ಥ. ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುವ ಲಾಟೀನಿನಿಂದ ಬಂದ ಹೆಸರು. ಅವತ್ತು ಆ ಲಾಟೀನು ನನ್ನ ಪಾಲಿನದು. ಅದನ್ನು ಅವನು ತೆಗೆದುಕೊಂಡ.

ಮುಂದಿನ ಮೂರು ಕಿಲೋಮೀಟರ್ ಅವನು ಒಂದು ಮಾತೂ ಆಡಲಿಲ್ಲ. ನನ್ನನ್ನು ತಳ್ಳಲಿಲ್ಲ, ಹುರಿದುಂಬಿಸಲಿಲ್ಲ. ಅವನ ಚೈನಿನ ಸದ್ದು ಮಾತ್ರ ನನ್ನ ಬಲಕ್ಕೆ, ಸ್ವಲ್ಪ ಹಿಂದೆ, ಒಂದೇ ಸಮನೆ ಕೇಳುತ್ತಿತ್ತು. ಒಂದು ಹಂತದಲ್ಲಿ ನನ್ನ ಕಾಲು ಆ ಸದ್ದಿನ ಲಯಕ್ಕೆ ತಿರುಗುತ್ತಿದೆ ಅಂತ ಗೊತ್ತಾಯಿತು. ಅವನು ಗಾಳಿ ತಡೆಯುತ್ತಿರಲಿಲ್ಲ, ನನ್ನ ಭಾರದಲ್ಲಿ ಒಂದು ಗ್ರಾಮನ್ನೂ ಹೊತ್ತಿರಲಿಲ್ಲ. ಆದರೂ ಆ ಸದ್ದು ನಿಂತಿದ್ದರೆ ನಾನೂ ನಿಲ್ಲುತ್ತಿದ್ದೆ. ಹಿಂದಿನ ರಾತ್ರಿಯ ಪ್ರಶ್ನೆ ಆ ಏರಿನಲ್ಲೇ ಕರಗಿತು.

ಇನ್ನೊಂದು ನೆನಪೂ ಬಂತು. ಒಂದು ವರ್ಷದ ಜಾತ್ರೆಯಲ್ಲಿ ಬಹುಮಾನ ಕೊಟ್ಟಾಗಿತ್ತು, ಮಂದಿ ಮಿರ್ಚಿ ಭಜಿ ಅಂಗಡಿ ಮುಂದೆ ಸೇರಿದ್ದರು. ಆಗ ಕೊನೆಯ ಹುಡುಗ ಬಂದ. ಗೆರೆಯ ಹತ್ತಿರ ಅವನ ಅಪ್ಪ ಒಬ್ಬರೇ ಟವೆಲ್ ಹಿಡಿದು ನಿಂತಿದ್ದರು. ಮಗನ ಮುಖ ಒರೆಸಿ, ಸೈಕಲ್ ತಾವು ಹಿಡಿದುಕೊಂಡು ನಡೆದರು. ನಾನು ಭಜಿ ತಿನ್ನುತ್ತಾ ನೋಡಿದ್ದೆ. ಆ ಹುಡುಗ ಅಷ್ಟು ದೂರ ಒಬ್ಬನೇ ಬಂದನಲ್ಲ ಅಂತ ನಂದಿ ಏರುವಾಗ ಹೊಟ್ಟೆ ಹಿಂಡಿತು.

ತುದಿಗೆ ಸ್ವಲ್ಪ ಮುಂಚೆ ಇನ್ನೊಮ್ಮೆ ಕಾಲು ಊರಿದೆ. ಮತ್ತೆ ಹತ್ತಿದೆ. ನಿಂತ ಹೊತ್ತೂ ಸೇರಿ ಒಂದು ಗಂಟೆ ಹದಿನೆಂಟು ನಿಮಿಷ. ಮೇಲೆ ಸೂರ್ಯ ಕಾಣಲೇ ಇಲ್ಲ, ಬರೀ ಬಿಳಿ ಮಂಜು. ಬಿಸಿ ಬಿಸಿ ಮ್ಯಾಗಿ ತಿಂದೆವು. ಅಷ್ಟು ರುಚಿಯಾದ ಮ್ಯಾಗಿ ನಾನು ಇದುವರೆಗೆ ತಿಂದಿಲ್ಲ. ಇಳಿಯುವಾಗ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದವು. ಪೊಗಾಚಾರ್, ವಿಂಗೆಗೋರ್ ಇಳಿದ ಆ ಇಳಿಜಾರು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಸೋಮವಾರ ಎರಿಟ್ರಿಯಾದ ಬಿನಿಯಾಮ್ ಗಿರ್ಮಾಯ್ ಟ್ಯೂರಿನ್‌ನಲ್ಲಿ ಗೆದ್ದರು. ಟೂರ್ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್. ಅದರ ಬಗ್ಗೆಯೇ ಒಂದು ಬರಹ ಬರೆಯಬಹುದು. ಮಂಗಳವಾರ ಗಾಲಿಬಿಯೇ. ಮುಂದೆ ಪೊಗಾಚಾರ್ ಹಾರಿಹೋದರು, ಆದರೆ ನನ್ನ ಕಣ್ಣು ಕೊನೆಯ ಗುಂಪಿನ ಮೇಲೆ. ಏರು ಬಾರದ ಸ್ಪ್ರಿಂಟರ್‌ಗಳೆಲ್ಲ ಅಲ್ಲಿ ಒಟ್ಟಾಗುತ್ತಾರೆ. ತಂಡ ಬೇರೆಯಾದರೂ ಗಡುವಿನ ಲೆಕ್ಕ ಹಾಕುತ್ತಾ ಜೊತೆಯಲ್ಲೇ ಹತ್ತುತ್ತಾರೆ. ಕ್ಯಾವೆಂಡಿಷ್ ಅದನ್ನೂ ದಾಟಿದರು.

ಜುಲೈ 3, ಬುಧವಾರ. ಸಾಂ ವುಲ್ಬಾ ಅನ್ನುವ ಪುಟ್ಟ ಊರು. ಸಮತಟ್ಟಾದ ರಸ್ತೆಯಲ್ಲಿ ಸ್ಪ್ರಿಂಟ್. ಗುಂಪಿನ ನಡುವೆ ಸಂದಿಯಲ್ಲಿ ನುಸುಳಿ, ಒಬ್ಬರ ಚಕ್ರದಿಂದ ಇನ್ನೊಬ್ಬರ ಚಕ್ರಕ್ಕೆ ಹಾರಿ, ಕ್ಯಾವೆಂಡಿಷ್ ಎಲ್ಲರಿಗಿಂತ ಮುಂದೆ ಗೆರೆ ದಾಟಿದರು. 35. ಅಷ್ಟೂ ವರ್ಷದ ದಾಖಲೆ ಕೆಲವೇ ಸೆಕೆಂಡಿನಲ್ಲಿ ಅವರ ಒಬ್ಬರದೇ ಆಯಿತು.

ನಾನು ಆ ಸ್ಪ್ರಿಂಟನ್ನು ಏಳೆಂಟು ಸಲ ನೋಡಿದೆ. ಆಮೇಲೆ ಶನಿವಾರದ ಹಂತ ಹುಡುಕಿ ತೆಗೆದು, ಏರಿನಲ್ಲಿ ಗೆಳೆಯರು ಅವರ ಅಕ್ಕಪಕ್ಕ ನಿಧಾನವಾಗಿ ತುಳಿಯುವ ಜಾಗದಲ್ಲಿ ನಿಲ್ಲಿಸಿದೆ. ತುಂಬ ಹೊತ್ತು ನೋಡಿದೆ. ಮಲಗುವ ಮುಂಚೆ ಸೈಕಲ್ಲಿನ ಹಿಂದಿನ ಕೆಂಪು ಲೈಟು ಬಿಚ್ಚಿ ಚಾರ್ಜಿಗೆ ಹಾಕಿದೆ.